ತಲೆ ಮುಟ್ಟಿ ಆಣೆ

ಆ ವಕೀಲನ ಮಾನ ತೆಗೆಯಬೇಕೆಂದೇ ನಾನು ಲಾ ಓದಿದೆ. ಸನ್ಮಾನದ ಸಭೆಗಳಲ್ಲಿ ಶಾಲು ಹೊದಿಸಿಕೊಂಡು ಕೂತು, ಹೆಣ್ಣುಮಕ್ಕಳ ಉದ್ಧಾರ, ನ್ಯಾಯದ ಮೇಲಿನ ಪ್ರೀತಿ ಎಂದೆಲ್ಲ ಬೇಕಾದಷ್ಟು ಮಾತಾಡಿದ್ದೇನೆ. ಅದೆಲ್ಲ ಬೊಗಳೆ. ನನ್ನ ಅಪ್ಪನನ್ನು ಕೋರ್ಟಿನಲ್ಲಿ ಹತ್ತು ಜನರ ಮುಂದೆ ಸುಳ್ಳುಗಾರ ಅನ್ನಿಸಿದವನೊಬ್ಬ ಇದ್ದ. ಅವನನ್ನು ಅದೇ ರೀತಿ ಹತ್ತು ಜನರ ಮುಂದೆ ನಿಲ್ಲಿಸಬೇಕಾಗಿತ್ತು. ಬೇರೆ ಯಾವ ಆಸೆಯೂ ನನಗಿರಲಿಲ್ಲ.

ನಾವು ಧಾರವಾಡದ ಕಡೆಯವರು. ಅಪ್ಪ ಮಿಲ್ಲೊಂದರ ಆಫೀಸಿನಲ್ಲಿ ಗುಮಾಸ್ತರು. ಮುಂಬಯಿಯ ಸಯನ್ನಿನ ಚಾಳಿನಲ್ಲಿ ಒಂದು ಖೋಲಿ, ಮುಂದೆ ಉದ್ದನೆಯ ಪಡಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ಆ ಒಂದು ಖೋಲಿಯಲ್ಲಿ ನಾವು ಮನೆಮಂದಿ ಮಾತ್ರ ಇದ್ದ ದಿನ ನನಗೆ ನೆನಪಿಲ್ಲ. ಊರಿನಿಂದ ಮುಂಬಯಿಗೆ ನೌಕರಿ ಹುಡುಕಿಕೊಂಡು ಬಂದವರು ಸ್ಟೇಷನ್ನಿನಲ್ಲಿ ಇಳಿದು ಸೀದಾ ನಮ್ಮಲ್ಲಿಗೆ ಬರುತ್ತಿದ್ದರು. ಕೈಯಲ್ಲಿ ಒಂದು ಟ್ರಂಕು, ಬಾಯಲ್ಲಿ ನಮ್ಮ ಯಾವುದೋ ಸಂಬಂಧಿಕರ ಹೆಸರು. ಅಷ್ಟಿದ್ದರೆ ಸಾಕು. ಅವ್ವ ಇನ್ನೆರಡು ರೊಟ್ಟಿ ಬಡಿಯುತ್ತಿದ್ದಳು. ನೌಕರಿ ಸಿಗುವವರೆಗೂ ಆ ಮನುಷ್ಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ನಮ್ಮ ಕಡೆಯವರ ಮನೆಗಳಲ್ಲೆಲ್ಲ ಇದೇ ರೂಢಿ. ಯಾರೂ ಇದನ್ನು ಉಪಕಾರ ಅನ್ನುತ್ತಿರಲಿಲ್ಲ.

ಹಾಗೆ ಬಂದವರಲ್ಲಿ ಅವ್ವನ ದೂರದ ಸಂಬಂಧದಲ್ಲಿ ಅಣ್ಣನಾಗಬೇಕಾದ ಒಬ್ಬರಿದ್ದರು. ಟೈಪಿಂಗ್ ಬಲ್ಲವರು. ಅವರಿಗೆ ನೌಕರಿಯೇನೋ ಬೇಗ ಸಿಕ್ಕಿತು, ಆದರೆ ನಮ್ಮ ಮನೆ ಬಿಡುವ ಮನಸ್ಸು ಮಾತ್ರ ಬರಲಿಲ್ಲ. ವರ್ಷದ ಮೇಲೆ ಉಳಿದರು. ಚಾಳಿನ ಮಾಲಕನಿಗೆ ಇದೇ ಬೇಕಾಗಿತ್ತು. ಆಗ ಹಳೆಯ ಬಾಡಿಗೆದಾರರನ್ನು ಸುಮ್ಮಸುಮ್ಮನೆ ಹೊರಹಾಕಲು ಕಾಯ್ದೆ ಬಿಡುತ್ತಿರಲಿಲ್ಲ. ಆದರೆ ಬಾಡಿಗೆದಾರ ತನ್ನ ಖೋಲಿಯಲ್ಲಿ ಇನ್ನೊಬ್ಬನನ್ನು ಇಟ್ಟುಕೊಂಡು ಅವನಿಂದ ದುಡ್ಡು ವಸೂಲು ಮಾಡಿದನೆಂದು ಸಾಬೀತಾದರೆ ಹೊರಹಾಕಬಹುದಿತ್ತು. ಮಾಲಕ ಅಪ್ಪನ ಮೇಲೆ ಅದೇ ದಾವೆ ಹೂಡಿದ. ಸುದ್ದಿ ತಿಳಿದದ್ದೇ ತಡ, ನಮ್ಮ ಟೈಪಿಂಗ್ ಮಾಮ ಪುಣೆಯಲ್ಲಿ ಕೆಲಸ ಹಿಡಿದು ಜಾಗ ಖಾಲಿ ಮಾಡಿದರು. ಸಾಕ್ಷಿ ಹೇಳಲು ಬನ್ನಿ ಅಂದರೆ ಉತ್ತರವೇ ಇಲ್ಲ.

ಅಪ್ಪನ ವಕೀಲರು ನಮ್ಮ ಕಡೆಯವರೇ, ಒಳ್ಳೆಯವರು, ಪಾಪದವರು. ಕೋರ್ಟಿನಲ್ಲಿ ಇಂಥವರಿಂದ ಉಪಯೋಗವಿಲ್ಲ ಎಂದು ಆಮೇಲೆ ಅರ್ಥವಾಯಿತು. ಅವರು ಅಪ್ಪನಿಗೆ ಕೊಟ್ಟ ಬುದ್ಧಿವಾದ ಒಂದೇ. "ಮಗಳನ್ನ ಕರಕೊಂಡು ಬರ್ರಿ. ಎರಡು ಜಡಿ ಹಾಕಿಕೊಂಡು ಸಾಲಿ ಹುಡುಗಿ ಮುಂದ ನಿಂತರ ಜಡ್ಜ್ ಸಾಹೇಬರ ಮನಸ್ಸು ಕರಗತದ." ಅವ್ವ ನನಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟಿ ಕಳಿಸಿದಳು. ಆಗ ನಾನಿನ್ನೂ ಹೈಸ್ಕೂಲಿಗೆ ಕಾಲಿಟ್ಟ ಹುಡುಗಿ.

ಕೋರ್ಟಿನಲ್ಲಿ ಅಪ್ಪ ಸಾಕ್ಷಿಯ ಪಂಜರದಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆಂದು ಕೋರ್ಟಿನವರು ಹೇಳಿಸಿದಂತೆ ಹೇಳಿದರು. ಬಂದವನು ನಮ್ಮ ನೆಂಟ, ಅವನಿಂದ ನಾನು ದುಡ್ಡು ಮುಟ್ಟಿಲ್ಲ ಎಂದರು. ಮಾಲಕನ ವಕೀಲ ಎದ್ದ. ತೆಳ್ಳಗೆ, ಬೆಳ್ಳಗೆ, ಕೂದಲು ನಡುವೆ ಬೈತಲೆ ತೆಗೆದು ಒಪ್ಪವಾಗಿ ಬಾಚಿದ ಮನುಷ್ಯ. ಸ್ವಲ್ಪ ಹೊತ್ತು ಏನೇನೋ ಕೇಳಿದ. ಅಪ್ಪ ಒಂದಕ್ಕೂ ತಡವರಿಸಲಿಲ್ಲ. ಆಗ ಅವನು ಬೆಂಚಿನ ಮೇಲೆ ಕೂತಿದ್ದ ನನ್ನ ಕಡೆ ತಿರುಗಿದ.

"ಈಕೆ ನಿಮ್ಮ ಮಗಳೇ?" ಎಂದು ಅಪ್ಪನನ್ನು ಮರಾಠಿಯಲ್ಲಿ ಕೇಳಿದ.

"ಹೌದು ಸಾಹೇಬ."

ಅವನು ಜಡ್ಜರಿಗೆ ಬಗ್ಗಿ ನಮಸ್ಕರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಆಮೇಲೆ ಅದನ್ನೇ ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಹೇಳಿದ. "ಈ ಮನುಷ್ಯ ಮಗಳ ತಲೆಯ ಮೇಲೆ ಕೈಯಿಟ್ಟು, ನಾನು ದುಡ್ಡು ಮುಟ್ಟಿಲ್ಲ ಎಂದು ಆಣೆ ಮಾಡಲಿ. ಮಾಡಿದರೆ ನನ್ನ ಕಕ್ಷಿಗಾರ ಈಗಿಂದೀಗಲೇ ದಾವೆ ಬಿಡುತ್ತಾನೆ."

ನನ್ನನ್ನು ಎಬ್ಬಿಸಿ ಪಂಜರದ ಪಕ್ಕ ನಿಲ್ಲಿಸಿದರು. ನನಗೆ ಖುಷಿಯೇ ಆಯಿತು. ಎಷ್ಟು ಸುಲಭ, ಅಪ್ಪ ಕೈಯಿಟ್ಟರೆ ಮುಗಿಯಿತು, ಮನೆಗೆ ಹೋಗೋಣ ಎಂದುಕೊಂಡೆ. ತಲೆ ಬಗ್ಗಿಸಿ "ಇಡ್ರಿ ಅಪ್ಪಾ" ಎಂದೆ.

ಅಪ್ಪನ ಕೈ ಮೇಲೆ ಬಂತು. ಬಂದದ್ದು ಹಾಗೇ ಗಾಳಿಯಲ್ಲಿ ನಿಂತಿತು. ನಮ್ಮ ಮನೆಯಲ್ಲಿ ಆಣೆ ಎಂಬ ಮಾತನ್ನೇ ಯಾರೂ ಎತ್ತುತ್ತಿರಲಿಲ್ಲ, ಆಟದಲ್ಲಿ "ದೇವರಾಣೆ" ಅಂದರೂ ಅಜ್ಜಿ ಬಾಯಿಗೆ ಹೊಡೆಯುತ್ತಿದ್ದಳು. ಅದೂ ಮಕ್ಕಳ ತಲೆ ಮುಟ್ಟಿ ಆಣೆ ಅಂದರೆ ಸತ್ಯಕ್ಕೂ ಮಾಡಬಾರದು, ಸುಳ್ಳಿಗೂ ಮಾಡಬಾರದು. ಅಪ್ಪ ಕೈ ಹಿಂದಕ್ಕೆಳೆದುಕೊಂಡರು. "ಇದು ನನ್ನಿಂದ ಆಗೂದಿಲ್ಲ ಸಾಹೇಬ" ಎಂದರು. ವಕೀಲ ನಕ್ಕ. ಅವನ ಹಿಂದೆ ಕೂತವರೂ ನಕ್ಕರು. ನಮ್ಮ ವಕೀಲರು ಕನ್ನಡಕ ಒರೆಸುತ್ತಾ ಕೂತಿದ್ದರು. ಆಣೆ ಮಾಡಲು ಒಪ್ಪಲಿಲ್ಲ ಎಂದು ಜಡ್ಜರು ಬರೆದುಕೊಂಡರು. ದಾವೆ ಹೋಯಿತು, ಖೋಲಿಯೂ ಹೋಯಿತು.

ಊರ ಹೊರಗಿನ ಮುಲುಂಡಿನ ಆಚೆ ತುದಿಯಲ್ಲಿ ತಗಡಿನ ಮಾಡಿನ ಒಂದು ಮನೆ ಸಿಕ್ಕಿತು. ಅಪ್ಪ ಅಲ್ಲಿಂದ ಲೋಕಲ್‌ನಲ್ಲಿ ನೇತಾಡಿಕೊಂಡು ಮಿಲ್ಲಿಗೆ ಹೋಗತೊಡಗಿದರು. ಖೋಲಿ ಹೋದದ್ದನ್ನು ನಾನು ಸಹಿಸಿಕೊಳ್ಳುತ್ತಿದ್ದೆನೇನೋ. ಜನರ ಮಾತು ಸಹಿಸಲಾಗಲಿಲ್ಲ. ಮದುವೆ ಮುಂಜಿಗಳಲ್ಲಿ ನಮ್ಮವರೇ ಹಿಂದಿನಿಂದ "ಮುಟ್ಟಿಲ್ಲಂದ್ರ ಆಣಿ ಮಾಡಾಕ ಏನಾಗಿತ್ತಂತ?" ಅನ್ನುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ಮಲಗಿ, ಅವ್ವನ ರೊಟ್ಟಿ ತಿಂದು ದೊಡ್ಡವರಾದ ಮಂದಿ! ಅವರ ಬಾಯಿ ಹಾಳಾಗಲಿ. ಅಪ್ಪ ಮೊದಲೇ ಕಡಿಮೆ ಮಾತಿನವರು, ಇನ್ನೂ ಮೂಕರಾದರು. ನಾನು ಮಾತ್ರ ಆ ನಡುಬೈತಲೆಯ ನಗುವನ್ನು ಒಂದು ದಿನವೂ ಮರೆಯಲಿಲ್ಲ. ಬಿ.ಎ. ಮುಗಿಸಿದ ದಿನ ಲಾ ಓದುತ್ತೇನೆ ಎಂದೆ. ಅವ್ವ ಹಣೆ ಚಚ್ಚಿಕೊಂಡಳು. ಅಪ್ಪ "ಓದಲಿ" ಎಂದರು, ಅಷ್ಟೇ.

ಜೆಸ್ವಿಟ್ ಪಾದ್ರಿಗಳ ಕಾಲೇಜೊಂದರಲ್ಲಿ ಬೆಳಗಿನ ಹೊತ್ತು ಲಾ ಕ್ಲಾಸು ನಡೆಯುತ್ತಿತ್ತು. ಕಲ್ಲಿನ ಕಟ್ಟಡ, ಕಮಾನುಗಳು, ನಡುವೆ ಫರಸಿ ಕಲ್ಲು ಹಾಸಿದ ಅಂಗಳ. ಕಲಿಸುವವರೆಲ್ಲ ಕೋರ್ಟಿನ ವಕೀಲರೇ. ಕರಿಕೋಟು ಹಾಕಿಕೊಂಡೇ ಬಂದು ಪಾಠ ಹೇಳಿ, ಹಾಗೇ ಕೋರ್ಟಿಗೆ ಓಡುತ್ತಿದ್ದರು. ಓದುವವರಲ್ಲೂ ಹೆಚ್ಚಿನವರು ನೌಕರಿಯವರು, ಗಂಟೆ ಹೊಡೆದೊಡನೆ ಆಫೀಸಿಗೆ ಓಟ. ಬಿಳಿ ನಿಲುವಂಗಿಯ ಮುದಿ ಪಾದ್ರಿಯೊಬ್ಬರು ಇದಕ್ಕೆಲ್ಲ ಮುಖ್ಯಸ್ಥರು. ಯಾವುದೋ ಪರದೇಶದವರು, ಇಡೀ ಆಯುಷ್ಯ ಮುಂಬಯಿಯಲ್ಲೇ ಕಳೆದು ಮರಾಠಿಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದರು. ಎಲ್ಲರೂ ಅವರನ್ನು ಫಾದರ್ ಅನ್ನುತ್ತಿದ್ದೆವು. ಬೆಳಿಗ್ಗೆ ಗೇಟಿನಲ್ಲೇ ನಿಂತಿರುವರು. ತಡವಾಗಿ ಬಂದವರಿಗೆ ಬೈಯುತ್ತಿರಲಿಲ್ಲ, ತಮ್ಮ ಗಡಿಯಾರವನ್ನು ತೆಗೆದು ತೋರಿಸುತ್ತಿದ್ದರು. ಲೋಕಲ್ ತಡವಾಯಿತು ಫಾದರ್ ಅಂದರೆ, "ಹಾಗಾದರೆ ಅದರ ಹಿಂದಿನ ಲೋಕಲ್ ಹಿಡಿ ಮಗಳೇ" ಅನ್ನುವರು.

ಸಾಕ್ಷ್ಯದ ಕಾನೂನು ಕಲಿಸುವವರು ಮೊದಲ ದಿನ ಒಳಗೆ ಬಂದರು, ನಾನು ತಲೆಯೆತ್ತಿ ನೋಡಿದೆ. ಅವನೇ! ನಡುಬೈತಲೆಯ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಹೊಟ್ಟೆ ಸ್ವಲ್ಪ ಬಂದಿತ್ತು. ಕೋರ್ಟಿನಲ್ಲಿ ಎಲ್ಲಿ ಹುಡುಕಲಿ ಎಂದು ಯೋಚಿಸುತ್ತಿದ್ದವಳ ಎದುರಿಗೇ ಬಂದು ನಿಂತು, ನನ್ನ ಹಾಜರಿ ಕೂಗಿದ. ನಾನು "ಪ್ರೆಸೆಂಟ್ ಸರ್" ಎಂದೆ. ಅವನಿಗೆ ನನ್ನ ಗುರುತೇ ಸಿಗಲಿಲ್ಲ.

ಪಾಠ ಚೆನ್ನಾಗಿ ಮಾಡುತ್ತಿದ್ದ, ಸುಳ್ಳೇಕೆ ಹೇಳಲಿ. ಅದೇ ನನ್ನ ಹೊಟ್ಟೆ ಉರಿಸುತ್ತಿತ್ತು. ಹುಡುಗರೆಲ್ಲ ಅವನ ಹಿಂದೆಹಿಂದೆ. ಒಂದು ದಿನ ಸಾಕ್ಷಿಯನ್ನು ಅಲುಗಾಡಿಸುವುದು ಹೇಗೆ ಎಂಬ ವಿಷಯ ಬಂತು. ಮೇಜಿಗೆ ಒರಗಿ ನಿಂತು, "ಪ್ರಶ್ನೆಯೇ ಬೇಕೆಂದಿಲ್ಲ. ನಾನೊಮ್ಮೆ ಪ್ರಶ್ನೆಯಿಲ್ಲದೆ ಒಂದು ಕೇಸು ಗೆದ್ದೆ" ಎಂದು ಶುರು ಮಾಡಿದ. "ಧಾರವಾಡದ ಕಡೆಯ ಒಬ್ಬ ಗುಮಾಸ್ತ. ಕರಿ ಟೋಪಿ. ಕಲ್ಲಿನ ಹಾಗೆ ನಿಂತಿದ್ದ, ಏನು ಕೇಳಿದರೂ ಜಗ್ಗಲಿಲ್ಲ. ಪೆದ್ದ, ಜೊತೆಗೆ ಮಗಳನ್ನು ಬೇರೆ ಕರಕೊಂಡು ಬಂದಿದ್ದ!" ಮುಂದಿನದು ನನಗೆ ಗೊತ್ತಿದ್ದದ್ದೇ. ಅಪ್ಪನ ಕೈ ಗಾಳಿಯಲ್ಲಿ ನಿಂತದ್ದನ್ನು ತನ್ನ ಕೈ ಎತ್ತಿ ನಡುಗಿಸಿ ತೋರಿಸಿದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕದಲ್ಲಿ ಕೂತವಳೂ ನಕ್ಕಳು.

ನಾನು ಹಲ್ಲು ಕಚ್ಚಿ ಕೂತೆ. ಎದ್ದು ಕೆನ್ನೆಗೆ ಬಾರಿಸಿದ್ದರೆ ನನ್ನನ್ನು ಓಡಿಸುತ್ತಿದ್ದರು, ಅವನಿಗೆ ಇನ್ನೊಂದು ತಮಾಷೆಯ ಕಥೆ ಸಿಗುತ್ತಿತ್ತು. ಕ್ಲಾಸು ಮುಗಿದದ್ದೇ ಲೈಬ್ರರಿಗೆ ಹೋದೆ. ಆಣೆಯ ವಿಷಯಕ್ಕೆ ಕಾಯ್ದೆ ಏನನ್ನುತ್ತದೆ ನೋಡಬೇಕಿತ್ತು. ಅದಕ್ಕೇ ಒಂದು ಬೇರೆ ಕಾಯ್ದೆ ಇತ್ತು, ಪುಟ್ಟದು, ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಪಕ್ಷದವರು ಹೀಗೆ ಆಣೆ ಮಾಡಿಸಲು ಕೇಳಬಹುದು, ನಿಜ. ಆದರೆ ಆ ಆಣೆ ಮೂರನೆಯ ಮನುಷ್ಯರಿಗೆ ತಟ್ಟುವಂಥದ್ದಾಗಿರಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಮೂರನೆಯವರು! ಅಂದರೆ ನಾನು, ನನ್ನ ತಲೆ. ಅಪ್ಪನನ್ನು ಹಾಗೆ ಕೇಳುವ ಹಕ್ಕೇ ಅವನಿಗಿರಲಿಲ್ಲ. ನಮ್ಮ ವಕೀಲರು ಕನ್ನಡಕ ಒರೆಸುವುದು ಬಿಟ್ಟು ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಅಳು ಬರಬೇಕಾಗಿತ್ತು, ಬರಲಿಲ್ಲ. ಈಗ ಸಿಕ್ಕಿಬಿದ್ದೆಯಲ್ಲೋ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಲೈಬ್ರರಿಯವರು ತಲೆಯೆತ್ತಿ ನೋಡಿದರು.

ಆ ಕಾಲೇಜಿನಲ್ಲಿ ಒಂದು ಪದ್ಧತಿಯಿತ್ತು. ವರ್ಷದ ಕೊನೆಗೆ ದೊಡ್ಡ ಹಾಲಿನಲ್ಲಿ ಅಣಕು ಕೋರ್ಟು ನಡೆಸುತ್ತಿದ್ದರು. ಫಾದರ್ ಜಡ್ಜರಾಗಿ ಕೂರುತ್ತಿದ್ದರು, ವಿದ್ಯಾರ್ಥಿಗಳು ವಕೀಲರು. ಸಾಕ್ಷಿಯ ಪಂಜರದಲ್ಲಿ ನಿಲ್ಲುವವನು ಮಾತ್ರ ಆ ನಡುಬೈತಲೆಯವನೇ. ತಾನೇ ಕಟ್ಟಿದ ಒಂದು ಸುಳ್ಳು ಕಥೆಯನ್ನು ಸಾಕ್ಷಿಯಾಗಿ ಹೇಳುತ್ತಿದ್ದ, ತಾಕತ್ತಿದ್ದರೆ ನನ್ನನ್ನು ಅಲುಗಾಡಿಸಿ ಎನ್ನುತ್ತಿದ್ದ. ಅಷ್ಟು ವರ್ಷಗಳಲ್ಲಿ ಯಾರಿಂದಲೂ ಆಗಿರಲಿಲ್ಲವಂತೆ. ಅಧ್ಯಾಪಕರ ಮನೆಯವರೂ ಒಳ್ಳೆಯ ಬಟ್ಟೆ ಹಾಕಿಕೊಂಡು ನೋಡಲು ಬರುವರು, ಕೊನೆಗೆ ಚಹಾ, ಕೇಕು. ಅವನ ಹೆಂಡತಿಯೂ ಮಗಳೂ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆಂದು ಹಿಂದಿನ ವರ್ಷದವರಿಂದ ವಿಚಾರಿಸಿ ತಿಳಿದುಕೊಂಡೆ. ಆ ಸಲದ ಕಥೆ, ಮಾಲಕ ಮತ್ತು ಬಾಡಿಗೆದಾರನ ಜಗಳ. ಬಾಡಿಗೆದಾರ ಇನ್ನೊಬ್ಬನಿಂದ ದುಡ್ಡು ಪಡೆಯುವುದನ್ನು ಕಣ್ಣಾರೆ ಕಂಡೆ ಎನ್ನುವ ನೆರೆಮನೆಯವನ ಪಾತ್ರ ಅವನದು. ಬಾಡಿಗೆದಾರನ ವಕೀಲಿ ನನಗಿರಲಿ ಎಂದು ಕೇಳಿದೆ. "ಭೇಷ್! ಹುಡುಗಿಯರಿಗೂ ಧೈರ್ಯ ಬಂತು" ಎಂದು ಒಪ್ಪಿಕೊಂಡ.

ಆ ಶನಿವಾರ ಮಧ್ಯಾಹ್ನ ದೊಡ್ಡ ಹಾಲ್ ಜನರಿಂದ ತುಂಬಿತ್ತು. ಅವನು ಪಂಜರದಲ್ಲಿ ನಿಂತು, ಕಂಡದ್ದೆಲ್ಲ ಸತ್ಯ ಎನ್ನುವಂತೆ ಕಥೆ ಹೇಳಿದ. ನಡುನಡುವೆ ಜನ ನಗುವಂತೆಯೂ ಮಾಡಿದ. ನಾನು ಎದ್ದೆ. ಒಂದೂ ಪ್ರಶ್ನೆ ಕೇಳಲಿಲ್ಲ. ಮುಂದಿನ ಸಾಲಿನ ಕಡೆ ತಿರುಗಿದೆ. ಅವನ ಮಗಳು, ನೀಲಿ ಫ್ರಾಕಿನ ಹುಡುಗಿ, ಬಾಯಿ ತೆರೆದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

"ಈಕೆ ನಿಮ್ಮ ಮಗಳೇ?" ಎಂದೆ.

"ಹೌದು" ಎಂದ, ನಗುತ್ತಲೇ.

ನಾನು ಫಾದರ್ ಕಡೆ ಬಗ್ಗಿ, ಅವನು ಅಂದು ಹೇಳಿದ ಧಾಟಿಯಲ್ಲೇ ಹೇಳಿದೆ. "ಈ ಸಾಕ್ಷಿ ಮಗಳ ತಲೆಯ ಮೇಲೆ ಕೈಯಿಟ್ಟು ತಾನು ಹೇಳಿದ್ದು ನಿಜವೆಂದು ಆಣೆ ಮಾಡಲಿ. ಮಾಡಿದರೆ ನನ್ನ ಕಕ್ಷಿಗಾರ ಈಗಿಂದೀಗಲೇ ಖೋಲಿ ಬಿಡುತ್ತಾನೆ." ಹುಡುಗರಿಗೆ ಅವನ ಕಥೆ ನೆನಪಾಗಿ ಹೋ ಎಂದು ಚಪ್ಪಾಳೆ ತಟ್ಟಿದರು. ನಾನು ಹೋಗಿ ಆ ಹುಡುಗಿಯ ಕೈ ಹಿಡಿದು ಕರೆತಂದು ಪಂಜರದ ಪಕ್ಕ ನಿಲ್ಲಿಸಿದೆ. ಅವಳು ಖುಷಿಯಿಂದಲೇ ಬಂದಳು.

ಅವನು ನಗುನಗುತ್ತಾ ಕೈ ಎತ್ತಿದ. ಆಟವಲ್ಲವೇ, ಇಟ್ಟುಬಿಡೋಣ ಅಂದುಕೊಂಡಿರಬೇಕು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅವನ ಹೆಂಡತಿ "ಅಹೋ, ನಕೋ!" ಎಂದು ಚೀರಿದಳು. ಬೇಡ ಎಂದು ಗಂಡನನ್ನು ಬೇಡಿಕೊಂಡ ಧ್ವನಿ ಅದು. ಹೇಳಿದ್ದು ಕಟ್ಟುಕಥೆ, ಅದು ಆಕೆಗೂ ಗೊತ್ತು, ಎಲ್ಲರಿಗೂ ಗೊತ್ತು. ಅವನ ಕೈ ಗಾಳಿಯಲ್ಲಿ ನಿಂತಿತು. ನಗು ಮುಖದಿಂದ ಇಳಿಯಿತು. ಶಿವನೇ, ಆ ಕ್ಷಣ ನನಗೆ ಎಂಥ ಸುಖವಾಯಿತೆಂದು ಹೇಗೆ ಹೇಳಲಿ! ಈಗಲೂ ನೆನೆಸಿಕೊಂಡರೆ ಬಾಯಲ್ಲಿ ಸಿಹಿ ಬರುತ್ತದೆ.

"ಇಡಿ ಸರ್" ಎಂದೆ.

"ಇದು ಸಲ್ಲುವುದಿಲ್ಲ" ಎಂದ, ಕೈ ಇಳಿಸಿ. "ಮೂರನೆಯವರಿಗೆ ತಟ್ಟುವ ಆಣೆಯನ್ನು ಕಾಯ್ದೆ ಒಪ್ಪುವುದಿಲ್ಲ."

"ಎಲ್ಲರಿಗೂ ಕೇಳುವಂತೆ ಹೇಳಿ ಸರ್."

ಹೇಳಿದ. ನಾನು ಬಿಡಲಿಲ್ಲ. "ಇದು ನಿಮಗೆ ಮೊದಲಿನಿಂದಲೂ ಗೊತ್ತಿತ್ತೇ? ಆ ಧಾರವಾಡದ ಗುಮಾಸ್ತನನ್ನು ನಿಲ್ಲಿಸಿ ಕೇಳಿದ ದಿನವೂ ಗೊತ್ತಿತ್ತೇ?"

ಅವನು ಈಗ ನನ್ನನ್ನು ನೋಡಿದ. ಕ್ಲಾಸಿನಲ್ಲಿ ಒಂದು ವರ್ಷ ನೋಡಿದ್ದವನು ಅವತ್ತು ಮೊದಲ ಸಲ ಸರಿಯಾಗಿ ನೋಡಿದ.

"ಗೊತ್ತಿತ್ತು" ಎಂದ. ದನಿ ಮುಂದಿನ ಸಾಲಿಗೂ ಸರಿಯಾಗಿ ಮುಟ್ಟಲಿಲ್ಲ.

"ಆ ಗುಮಾಸ್ತ ನನ್ನ ತಂದೆ. ಆ ಪೆದ್ದ ಕರಕೊಂಡು ಬಂದ ಮಗಳು ನಾನು. ನನ್ನ ಪ್ರಶ್ನೆ ಮುಗಿಯಿತು" ಎಂದು ಕೂತುಬಿಟ್ಟೆ.

ಆ ಸಲ ಯಾರೂ ನಗಲಿಲ್ಲ. ಫಾದರ್ ಗಂಟೆ ಬಾರಿಸಿ ಸಭೆ ಮುಗಿಸಿದರು. ನೀಲಿ ಫ್ರಾಕಿನ ಹುಡುಗಿ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಫಾದರ್ ನನ್ನನ್ನು ಕಮಾನಿನ ಕೆಳಗೆ ಕರೆದು, "ನೀನು ಗೆದ್ದೆ. ಆದರೆ ಆ ಮಗುವನ್ನು ಯಾಕೆ ಎಳೆದೆ?" ಎಂದರು.

"ನನ್ನನ್ನೂ ಎಳೆದಿದ್ದರು ಫಾದರ್."

ಕ್ಷಮೆ ಎಂಬ ಮಾತು ಈಗ ಬರುತ್ತದೆ ಎಂದು ಕಾದೆ, ಬಂದರೆ ಜಗಳವಾಡಲು ತಯಾರಾಗಿಯೇ ನಿಂತಿದ್ದೆ. ಅವರು ಆ ಮಾತು ಆಡಲಿಲ್ಲ. "ಮನೆಗೆ ಹೋಗಿ ತಂದೆಗೆ ಹೇಳು" ಎಂದು ಒಳಗೆ ಹೋದರು. ಆ ಹುಡುಗಿ ಅತ್ತದ್ದಕ್ಕೆ ನನಗೆ ಅಂದೂ ಬೇಸರವಾಗಲಿಲ್ಲ, ಇಂದೂ ಇಲ್ಲ. ಅವಳ ಮನೆಯಂತೂ ಹೋಗಲಿಲ್ಲವಲ್ಲ.

ಮುಲುಂಡ್ ಲೋಕಲ್‌ನಲ್ಲಿ ಕೂರಲು ಜಾಗವಿದ್ದರೂ ಬಾಗಿಲ ಬಳಿಯೇ ನಿಂತು ಬಂದೆ. ಅಪ್ಪ ಹೊಸ್ತಿಲ ಬಳಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ ಮೊದಲಿನಿಂದ ಕೊನೆಯವರೆಗೂ ಒಂದೇ ಉಸಿರಿಗೆ ಹೇಳಿದೆ. ಕಾಯ್ದೆಯಲ್ಲೇ ಅದು ತಪ್ಪಂತ, ಅವನಿಗೆ ಗೊತ್ತಿತ್ತಂತ, ಎಲ್ಲರ ಮುಂದೆ ಅವನ ಬಾಯಿಂದಲೇ ಹೇಳಿಸಿದೆನಂತ. "ಅಪ್ಪಾ, ಇನ್ನ ನಿಮ್ಮನ್ನ ಸುಳ್ಳುಗಾರ ಅಂದವರ ಬಾಯಾಗ ಮಣ್ಣು!" ಎಂದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಅಪ್ಪ ಸೊಪ್ಪನ್ನು ಪಕ್ಕಕ್ಕಿಟ್ಟರು. "ನಾ ದುಡ್ಡು ತೊಗೊಂಡಿದ್ದೆ ತಂಗಿ" ಎಂದರು.

ನನಗೆ ಅರ್ಥವೇ ಆಗಲಿಲ್ಲ.

"ನಿಮ್ಮ ಟೈಪಿಂಗ್ ಮಾಮಗ ನೌಕರಿ ಆದ ಮ್ಯಾಲೆ ತಿಂಗಳಾ ಕೊಡತಿದ್ದ. ಬ್ಯಾಡ ಅಂದೆ, ಕೇಳಲಿಲ್ಲ. ಆಮ್ಯಾಲೆ ಬ್ಯಾಡ ಅನ್ನೂದನ್ನೂ ಬಿಟ್ಟೆ. ಮಾಲಕ ಹೇಳಿದ್ದು ಖರೇನ ಇತ್ತು. ಕೋರ್ಟಿನಾಗ ಸತ್ಯ ಹೇಳತೇನಿ ಅಂತ ಅವರು ಹೇಳಿಸಿದ್ರು, ಹೇಳಿದೆ. ಅದರ ಹಿಂದ ಸುಳ್ಳೂ ಹೇಳಿದೆ, ನಾಲಿಗಿ ತಡವರಿಸಲಿಲ್ಲ. ಖೋಲಿ ಉಳಿಸ್ಕೋಬೇಕಾಗಿತ್ತು. ಆದರ ನೀ ತಲಿ ಬಗ್ಗಿಸಿ ನಿಂತಿ. ನಿನ್ನ ತಲಿ ಮ್ಯಾಲೆ ಸುಳ್ಳು ಆಣಿ ಇಡಾಕ ನನ್ನ ಕೈ ಬರಲಿಲ್ಲ."

ನಾನು ಅವ್ವನನ್ನು ನೋಡಿದೆ. ಅವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು, ನನ್ನ ಕಣ್ಣು ತಪ್ಪಿಸಿದಳು. ಅವಳಿಗೂ ಗೊತ್ತಿತ್ತು.

"ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದು ಕೂಗಿದೆ. ಅಕ್ಕಪಕ್ಕದ ಮನೆಯವರು ಇಣುಕಿದರು. "ನಾ ಇಷ್ಟು ದಿನ ಅವನ ಮ್ಯಾಲೆ ಹಲ್ಲು ಕಡಕೊಂಡು ಸತ್ತೆ! ಯಾಕ ಹೇಳಲಿಲ್ಲ?"

"ನೀ ಸಿಟ್ಟಿನ ಮ್ಯಾಲೆ ಓದಾಕತ್ತಿದ್ದಿ" ಎಂದರು ಅಪ್ಪ. "ಸಿಟ್ಟು ಇಳದ್ರ ಓದೂ ನಿಂತುಬಿಡತದ ಅಂತ ಅಂಜಿದೆ. ನಮ್ಮ ಮನ್ಯಾಗ ಇಷ್ಟು ಓದಿದವರು ಯಾರೂ ಇಲ್ಲ."

ಅಪ್ಪ ಸೊಪ್ಪನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೂ ಒಂದು ವರ್ಷ ಉಳದೈತಿ. ಅಂವನ ಮ್ಯಾಲಿನ ಸಿಟ್ಟು ಮುಗೀತು. ಇನ್ನ ಮುಂದ ನನ್ನ ಮ್ಯಾಲೆ ಸಿಟ್ಟು ಮಾಡಿಕೊಂಡು ಓದು."

ಹಾಗೆಯೇ ಓದಿದೆ.